ಉಪ್ಪು ಮೊದಲು ಇಳಿಯುತ್ತದೆ

ಕಾಮೋಠೆ

ಹೊರಡುವ ದಿನ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸೂಟ್‌ಕೇಸಿನ ಜಿಪ್ಪು ಎಳೆಯುವುದು, ಮತ್ತೆ ತೆರೆಯುವುದು, ಬಾಲ್ಕನಿಗೆ ಹೋಗಿ ಸೊಸೈಟಿಯ ಗೇಟಿನಲ್ಲಿ ನಿಂತ ನೀರಿನ ಟ್ಯಾಂಕರ್ ನೋಡುವುದು, ಒಳಗೆ ಬಂದು ಪಾಸ್‌ಪೋರ್ಟ್ ಮುಟ್ಟಿ ನೋಡುವುದು, ಇದೇ ಕೆಲಸ.

“ಒಂದ್ ಗಳ್ಗಿ ಕೂಕೋ ಮಾರಾಯ್ತಿ. ನಿನ್ನ ಕಾಂತಾ ಕಾಂತಾ ನಂಗೇ ತಲಿ ತಿರ್ಗತ್” ಎಂದರು ಅಮ್ಮ. ಕುಂದಾಪುರ ಬಿಟ್ಟು ಮುಂಬಯಿ ಸೇರಿ ನಲವತ್ತು ವರ್ಷ ಕಳೆದರೂ ಅವರ ಮಾತು ಅಲ್ಲಿಯದೇ. ಮಗಳು ಇಶಾ ಫೋನಿನಿಂದ ತಲೆಯೆತ್ತದೆ, “ಮಮ್ಮಾ, ಚಿಲ್ ಕರೋ ನಾ” ಎಂದಳು. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ; ಬಾಯಿ ತೆರೆದರೆ ಮಾತ್ರ ಹಿಂದಿ ಬರುತ್ತದೆ.

ನಾನು ಹೊರಟಿದ್ದು ಕಝಾಕಸ್ತಾನಕ್ಕೆ, ಒಂದು ಮಂಜಿನ ಗುಡ್ಡೆ ಕರಗುವುದನ್ನು ನೋಡಲು. ಹೀಗೆ ಹೇಳಿದರೆ ನೆರೆಮನೆಯವರು ನಗುತ್ತಿದ್ದರು. ನಿಜವೆಂದರೆ ಅದೇ ನನ್ನ ಕೆಲಸ. ಠಾಣೆ-ಬೇಲಾಪುರ ರಸ್ತೆಯ ಪಕ್ಕದಲ್ಲಿ ನಮ್ಮ ಕಂಪನಿಯದೊಂದು ಗಾಳಾ ಇದೆ, ತಗಡಿನ ಮಾಡಿನ ಪುಟ್ಟ ಕಾರ್ಖಾನೆ. ಅಲ್ಲಿ ಉಪ್ಪುನೀರನ್ನು ಯಂತ್ರದಲ್ಲಿ ಹೆಪ್ಪುಗಟ್ಟಿಸಿ ಸಿಹಿನೀರು ತೆಗೆಯುತ್ತೇವೆ. ನೀರು ಮಂಜಾಗುವಾಗ ಉಪ್ಪನ್ನು ತನ್ನೊಳಗೆ ಸೇರಿಸಿಕೊಳ್ಳುವುದಿಲ್ಲ, ಹೊರಗೆ ತಳ್ಳುತ್ತದೆ. ತಳ್ಳಿಸಿಕೊಂಡ ಉಪ್ಪು ಅಲ್ಲೇ ಹರಳುಗಳ ಸಂದಿಯಲ್ಲಿ ಗಟ್ಟಿ ಉಪ್ಪುನೀರಾಗಿ ಅವಿತು ಕೂರುತ್ತದೆ. ಗಡ್ಡೆ ಕರಗತೊಡಗಿದಾಗ ಮೊದಲು ಇಳಿದು ಬರುವುದು ಅದೇ. ಆ ಮೊದಲ ನೀರನ್ನು ಚೆಲ್ಲಿಬಿಟ್ಟರೆ ಉಳಿದದ್ದು ಸಿಹಿ.

ಆದರೆ ನವಿ ಮುಂಬಯಿಯಲ್ಲಿ ಚಳಿ ಮಾಡಬೇಕಾದರೆ ಕರೆಂಟು ಸುಡಬೇಕು. ನಮ್ಮ ಮಾಲೀಕರು ಶ್ರೀಧರ್ ಮೈಸೂರಿನವರು, ಖಾರಘರದಲ್ಲಿ ಮನೆ. ಅವರು ನನ್ನನ್ನು ಕರೆದು ಹೇಳಿದ್ದರು: “ನೋಡಿ ವಸಂತಿ, ಅಲ್ಲಿ ಚಳಿ ಪುಕ್ಕಟೆ ಸಿಗತ್ತೆ. ಅಲ್ಲೂ ಇದು ಆಗ್ಲಿಲ್ಲ ಅಂದ್ರೆ ನಾವು ಈ ಫ್ರೀಜಿಂಗ್ ಸೆಕ್ಷನ್ ಮುಚ್ಚಿಬಿಡೋಣ. ಸುಮ್ನೆ ಎಷ್ಟು ದಿನ ಎಳೆಯೋದು?”

ಆ ಸೆಕ್ಷನ್ ಎಂದರೆ ನಾನು ಮತ್ತು ಗಣಪತಿ. ಗಣಪತಿ ಬಾಗಲಕೋಟೆಯ ಕಡೆಯ ಇಂಜಿನಿಯರು, ಡೊಂಬಿವಲಿಯಲ್ಲಿ ಸಂಸಾರ. ಚಳಿಗಾಲದುದ್ದಕ್ಕೂ ನಾವು ಕಳಿಸಿದ ನಕ್ಷೆ ಮತ್ತು ನಾಝಲ್ಲಿನಿಂದ ಅಲ್ಲಿನ ಒಂದು ಕುಟುಂಬ ತಮ್ಮ ಉಪ್ಪುಬಾವಿಯ ನೀರನ್ನು ಗಾಳಿಗೆ ಸಿಂಪಡಿಸಿ ಗುಡ್ಡೆ ಕಟ್ಟಿತ್ತು. ಈಗ ಮಾರ್ಚ್ ತಿಂಗಳು, ಕರಗುವ ಕಾಲ.

ಅಲ್ಮಾಟಿ

ವಿಮಾನ ಬದಲಿಸುವ ಊರಿನಲ್ಲಿ ನಮ್ಮ ಒಂದು ಪೆಟ್ಟಿಗೆ ಕಾಣೆಯಾಯಿತು. ಕಾಣೆಯಾಗಬಾರದಿದ್ದ ಪೆಟ್ಟಿಗೆಯೇ ಅದು. ನೀರಿನ ಉಪ್ಪು ಅಳೆಯುವ ಮೀಟರುಗಳೆಲ್ಲ ಅದರಲ್ಲಿದ್ದವು. ಗಣಪತಿಯ ಚೀಲ ಮಾತ್ರ ಸುರಕ್ಷಿತವಾಗಿ ಬಂತು: ಜೋಳದ ರೊಟ್ಟಿ, ಶೇಂಗಾ ಚಟ್ನಿ, ತೊಗರಿಬೇಳೆ, ಖಾರದ ಪುಡಿ. ಅವರು ಮಾಂಸ ಮುಟ್ಟುವವರಲ್ಲ. ಕುದುರೆ ಮಾಂಸದ ದೇಶಕ್ಕೆ ಹೋಗುತ್ತೇವೆಂದು ಹೆಂಡತಿ ಅಡುಗೆಮನೆಯನ್ನೇ ಕಟ್ಟಿಕೊಟ್ಟಿದ್ದರು.

“ಮೀಟರ್ ಹೋದ್ವು, ಬ್ಯಾಳಿ ಉಳೀತು. ನನ್ನ ನಸೀಬ ನೋಡ್ರಿ” ಎಂದರು.

ದೂರು ಬರೆದುಕೊಳ್ಳುವ ಕೌಂಟರಿನಲ್ಲಿ ಗುಂಡು ಮುಖದ ಹೆಂಗಸೊಬ್ಬರು ಇದ್ದರು. ಅವಸರವೆಂದರೆ ಏನೆಂದೇ ಅವರಿಗೆ ಗೊತ್ತಿದ್ದಂತಿರಲಿಲ್ಲ. ಪೆಟ್ಟಿಗೆಯಲ್ಲಿ ಏನಿತ್ತು ಎಂದರು. ನೀರು ಉಪ್ಪೋ ಸಿಹಿಯೋ ಎಂದು ನೋಡುವ ಯಂತ್ರ ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನು ನಿಜವಾದ ಕುತೂಹಲದಿಂದ ನೋಡಿದರು. “ನಿಮ್ಮ ದೇಶದಲ್ಲಿ ಕುಡಿದು ನೋಡುವುದಿಲ್ಲವೇ?”

ಕಾಯುವ ಹೊತ್ತೆಲ್ಲ ನಾನು ಆ ಉದ್ದನೆಯ ಹಾಲಿನಲ್ಲಿ ನಡೆದೆ. ಗಾಜಿನಾಚೆ ಊರಿನ ನೆತ್ತಿಯ ಮೇಲೆ ಹಿಮದ ಬೆಟ್ಟಗಳು ಬೆಳಗುತ್ತಿದ್ದವು. ಎಲ್ಲರೂ ಅವುಗಳ ಚಿತ್ರ ತೆಗೆಯುತ್ತಿದ್ದರು. ನನಗೋ ಅಲ್ಲಿ ಬಿಸಿಲು ಎಷ್ಟು ಜೋರಾಗಿದೆ ಎಂಬುದೇ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ಇಷ್ಟು ಬಿಸಿಲಿದ್ದರೆ ಅಲ್ಲಿ ನಮ್ಮ ಗುಡ್ಡೆಯ ಗತಿ ಏನು?

ಅಕ್ತಾವ್

ಅಕ್ತಾವ್ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಊರು. ಅಲ್ಲಿ ನದಿಯಿಲ್ಲ. ಸಮುದ್ರದ ನೀರನ್ನೇ ಸಿಹಿ ಮಾಡಿ ಊರು ಕುಡಿಯುತ್ತದೆ. ವಿಮಾನ ನಿಲ್ದಾಣಕ್ಕೆ ಬಂದಿದ್ದವಳು ಐಗುಲ್, ಮೂವತ್ತು ದಾಟಿದ ಹುಡುಗಿ. ಊರಿನ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಾಳೆ. ಗುಡ್ಡೆ ಕಟ್ಟಿದ್ದು ಅವಳ ತವರಿನಲ್ಲಿ. ನಮಗೆ ಮೊದಲು ಕಾಗದ ಬರೆದವಳೂ ಅವಳೇ. ಅವಳ ಇಂಗ್ಲಿಷಿನ ನಡುವೆ ಹಿಂದಿ ಧಾರಾವಾಹಿಗಳಿಂದ ಕಲಿತ ಹಿಂದಿ ಬರುತ್ತದೆ. ನನ್ನನ್ನು ಕಂಡವಳೇ “ಬಹೂಜಿ!” ಎಂದು ತಬ್ಬಿಕೊಂಡಳು. ಐವತ್ತು ಸಮೀಪಿಸಿದ ನಾನು ಅತ್ತೆಯಾಗುವ ವಯಸ್ಸಿನವಳು ಎಂದು ತಿದ್ದಲು ಮನಸ್ಸಾಗಲಿಲ್ಲ.

ಜೀಪಿನಲ್ಲಿ ಅವಳು ವಿಷಯ ಹೇಳಿದಳು. “ನನ್ನ ಅಣ್ಣ ನುರ್ಲಾನ್ ಕುದುರೆಗಳನ್ನು ಮಾರಲು ಮಾತು ಕೊಟ್ಟಿದ್ದಾನೆ. ರಸ್ತೆ ಒಣಗಿದರೆ ಲಾರಿ ಬರುತ್ತದೆ. ಕುದುರೆ ಹೋದ ಮೇಲೆ ಅವನೂ ಅಲ್ಲಿರುವುದಿಲ್ಲ, ಅಮ್ಮನನ್ನು ಕರೆದುಕೊಂಡು ಇಲ್ಲಿಗೇ ಬರುತ್ತಾನೆ. ಎಣ್ಣೆ ಕಂಪನಿಯಲ್ಲಿ ಕಾವಲಿನ ಕೆಲಸ ನೋಡಿಟ್ಟುಕೊಂಡಿದ್ದಾನೆ.”

“ಯಾಕೆ?”

“ಬಾವಿ ಕೆಡುತ್ತಿದೆ. ವರ್ಷ ವರ್ಷಕ್ಕೂ ಉಪ್ಪು ಹೆಚ್ಚು. ಒಂಟೆಗಳು ಹೇಗೋ ಕುಡಿಯುತ್ತವೆ. ಕುದುರೆಮರಿಗಳಿಗೆ ಆಗುವುದಿಲ್ಲ, ಹೋದ ಬೇಸಿಗೆಯಲ್ಲಿ ಸತ್ತವು.” ಗೇರು ಬದಲಿಸಿ ಸೇರಿಸಿದಳು: “ಗುಡ್ಡೆ ಕಟ್ಟಿದ್ದು ನನ್ನ ಹಟಕ್ಕೆ. ಅವನಿಗೆ ನಂಬಿಕೆಯಿಲ್ಲ.”

ಊರು ದಾಟಿದ ಮೇಲೆ ಬಯಲು. ಮರವಿಲ್ಲ, ಬೇಲಿಯಿಲ್ಲ, ಮನೆಯಿಲ್ಲ. ಕಂದು ಹುಲ್ಲು, ಅಲ್ಲಲ್ಲಿ ಹಳೆಯ ಹಿಮದ ತೇಪೆ. ಡೊಂಬಿವಲಿಯಿಂದ ದಿನಾ ಲೋಕಲ್ ರೈಲಿನಲ್ಲಿ ಒಂದೇ ಕಾಲೂರಿ ನಿಂತು ಬರುವ, ಮೂವರ ಸೀಟಿನಲ್ಲಿ ‘ಥೋಡಾ ಸರಕೋ’ ಎಂದು ನಾಲ್ಕನೆಯವರಾಗಿ ತೂರಿಕೊಳ್ಳುವ ಗಣಪತಿಗೆ ಗಾಬರಿಯಾಯಿತು. “ಮೇಡಂ, ಮಂದಿನ ಇಲ್ಲಲ್ರೀ! ಏನರ ಆದ್ರ ಯಾರನ್ನ ಕರೀಬೇಕು?”

ಆಗಬೇಕಾದ್ದು ಆಗಿಯೇ ಆಯಿತು. ಜೀಪು ಕೆಸರಿನಲ್ಲಿ ಹೂತಿತು. ಯಾರನ್ನು ಕರೆಯುವುದು ಎಂದು ನಾವು ನೋಡುತ್ತಿರುವಾಗಲೇ ಎಲ್ಲಿಂದಲೋ ಒಬ್ಬ ಕುದುರೆ ಸವಾರ ಬಂದ. ಹಗ್ಗ ಕಟ್ಟಿ ಎಳೆದ, ಜೀಪು ಮೇಲೆ ಬಂದ ಮೇಲೆ ಜೇಬಿನಿಂದ ಒಣಮೊಸರಿನ ಉಂಡೆ ತೆಗೆದು ನಮಗೆ ಒಂದೊಂದು ಕೊಟ್ಟು ಹೊರಟುಹೋದ. ಸಹಾಯ ಮಾಡಿದವನೇ ಉಣ್ಣಲು ಕೊಟ್ಟು ಹೋಗುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಗುಡ್ಡೆಯ ಮನೆ

ತಗ್ಗು ಮಾಡಿನ ಮಣ್ಣಿನ ಮನೆ, ಪ್ರಾಣಿಗಳ ಕೊಟ್ಟಿಗೆ, ಕಲ್ಲು ಕಟ್ಟಿದ ಬಾವಿ. ಅದರಾಚೆ ನಮ್ಮ ಗುಡ್ಡೆ. ಮನೆಗಿಂತ ಎತ್ತರವಾಗಿತ್ತು, ಹೊಟ್ಟೆಯಲ್ಲಿ ನೀಲಿ, ನೆತ್ತಿಯಲ್ಲಿ ಬೂದಿ ಬಣ್ಣ. ಸುತ್ತ ಮಣ್ಣಿನ ಬದು. ಬದುವಿನ ತಗ್ಗಿನ ಕಡೆ ನೆಲದಡಿ ಹೂತ ಒಂದು ಪೈಪು. ಮೊದಲ ಉಪ್ಪುನೀರು ಆ ಪೈಪಿನಲ್ಲಿ ದೂರದ ಹಳ್ಳಕ್ಕೆ ಹೋಗಬೇಕು. ಆಮೇಲಿನ ಸಿಹಿನೀರನ್ನು ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ತಿರುಗಿಸಬೇಕು. ಕಾಗದದ ಮೇಲೆ ನಾನು ಬಿಡಿಸಿದ್ದು ಅಲ್ಲಿ ನಿಜವಾಗಿ ನಿಂತಿತ್ತು.

ಐಗುಲಳ ತಾಯಿಯನ್ನು ಎಲ್ಲರೂ ‘ಆಪಾ’ ಎನ್ನುತ್ತಾರೆ. ಗಣಪತಿ ಮೊದಲ ದಿನ ಅವರನ್ನು ಕಂಡು, “ಇವ್ರಿಗೆ ಅಪ್ಪಾ ಅನ್ನೂದು ಹ್ಯಾಂಗ್ರೀ?” ಎಂದು ತಬ್ಬಿಬ್ಬಾದರು. ಆಪಾ ಕೆಟಲಿನ ನೀರು ತೋರಿಸಿ “ಸೂ” ಎಂದರು. ನಾನು ನಗು ತಡೆಯಲಾರದೆ ಕೆಮ್ಮಿದೆ. ನಮ್ಮಲ್ಲಿ ತಾಯಂದಿರು ಮಕ್ಕಳನ್ನು ಮೋರಿಯ ಹತ್ತಿರ ನಿಲ್ಲಿಸಿ ಹೇಳುವ ಮಾತು ಅದು. ಉಪ್ಪಿನ ಡಬ್ಬಿ ತೋರಿಸಿ “ತುಝ್” ಎಂದರು. ಕಿಟಕಿಯಾಚೆಯ ಗುಡ್ಡೆ ತೋರಿಸಿ “ಮುಝ್” ಎಂದರು. ಉಪ್ಪಿಗೂ ಮಂಜಿಗೂ ಒಂದೇ ಅಕ್ಷರದ ಅಂತರ! ಇಷ್ಟು ವರ್ಷ ನಾನು ಬೇರ್ಪಡಿಸಲು ಹೆಣಗಿದ್ದನ್ನು ಇವರು ಬಾಯಿಯಲ್ಲೇ ಅಕ್ಕಪಕ್ಕ ಇಟ್ಟುಕೊಂಡಿದ್ದರು. ಚಹಾದ ಜೊತೆ ಎಣ್ಣೆಯಲ್ಲಿ ಕರಿದ ಉಬ್ಬಿದ ಹಿಟ್ಟಿನ ತುಂಡುಗಳನ್ನು ಇಟ್ಟರು. ಬಾಳೆಹಣ್ಣು ಹಾಕುವುದನ್ನು ಮರೆತ ಮಂಗಳೂರು ಬನ್ಸ್ ಎನ್ನಬಹುದು.

ನುರ್ಲಾನ್ ಸಂಜೆ ಬಂದ. ಗಾಳಿಗೆ ಸುಟ್ಟ ಮುಖ, ಕಡಿಮೆ ಮಾತು. ನಾನು ಗುಡ್ಡೆಯನ್ನು ಹೊಗಳಿದೆ. ಅವನು ಹೇಳಿದ್ದನ್ನು ಐಗುಲ್ ಸ್ವಲ್ಪ ಮುಜುಗರದಿಂದಲೇ ತಿಳಿಸಿದಳು: “ನೀವು ನೋಡಿ ಹೋಗುತ್ತೀರಿ. ಅದು ಕರಗಿ ಹೋಗುತ್ತದೆ. ಇಲ್ಲಿ ಇರಬೇಕಾದವನು ನಾನು.”

ನಾನು ಎದ್ದು ಮತ್ತೆ ಬದುವಿನ ಸುತ್ತ ನಡೆಯತೊಡಗಿದೆ.

ನೌರಿಝ್

ಅವರ ಹೊಸ ವರ್ಷ ನೌರಿಝ್, ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಹಾಲು, ನೀರು, ಧಾನ್ಯ, ಮಾಂಸ, ಉಪ್ಪು ಹೀಗೆ ಏಳು ಬಗೆ ಹಾಕಿ ಗಂಜಿಯಂಥದ್ದೊಂದನ್ನು ಕುದಿಸುತ್ತಾರೆ. ಬಂದವರಿಗೆಲ್ಲ ಬಟ್ಟಲು ತುಂಬಿಸಬೇಕು. ಗಣಪತಿಗಾಗಿ ಆಪಾ ಬೇರೆ ಪಾತ್ರೆಯಲ್ಲಿ ಮಾಂಸವಿಲ್ಲದೆ ಮಾಡಿ, ಆರೇ ಬಗೆಯಾಯಿತಲ್ಲ ಎಂದು ಯೋಚಿಸಿ, ಕೊನೆಗೆ ಒಣದ್ರಾಕ್ಷಿ ಹಾಕಿ ಏಳು ಮಾಡಿದರು. ಗಣಪತಿ ಆ ಬಟ್ಟಲನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಹಣೆಗೆ ಮುಟ್ಟಿಸಿದರು. ಆಪಾಗೆ ಅದು ತುಂಬ ಹಿಡಿಸಿತು.

ಊಟದ ನಡುವೆ ಗಾಳಿ ತಿರುಗಿತು. ದಕ್ಷಿಣದಿಂದ ಬೆಚ್ಚನೆಯ ಗಾಳಿ. ಎಲ್ಲರೂ ಒಳ್ಳೆಯ ಶಕುನವೆಂದರು. ನನ್ನ ಕಾಲು ಮಾತ್ರ ಮೇಜಿನಡಿ ಕುಣಿಯತೊಡಗಿತು. ಎದ್ದು ಹೊರಗೆ ಓಡಿದೆ.

ಗುಡ್ಡೆ ಬೆವರುತ್ತಿತ್ತು. ಬುಡದಲ್ಲಿ ನೀರು ಕಟ್ಟಿ ನಿಂತಿತ್ತು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ: ಬಾವಿಯ ನೀರಿಗಿಂತಲೂ ಕಡು ಉಪ್ಪು, ಹಿಂದೆಯೇ ಕಹಿ. ಅದು ಸರಿಯೇ. ಸರಿಯಿಲ್ಲದ್ದು ಏನೆಂದರೆ ಪೈಪಿನ ಆ ತುದಿಯಲ್ಲಿ ಒಂದು ಹನಿಯೂ ಬರುತ್ತಿರಲಿಲ್ಲ. ಮೇಲೆ ಕರಗುತ್ತಿದ್ದರೂ ನೆಲ ಒಳಗೆ ಇನ್ನೂ ಹೆಪ್ಪುಗಟ್ಟಿಯೇ ಇತ್ತು. ಪೈಪಿನೊಳಗೆ ಮಂಜು ಬಿರಡೆಯಂತೆ ಕೂತಿತ್ತು.

ಕುದಿಯುವ ನೀರು ಹೊಯ್ದೆವು. ಕಬ್ಬಿಣದ ಸಲಾಕೆ ತೂರಿಸಿದೆವು. ಏನೂ ಆಗಲಿಲ್ಲ. ಗುಡ್ಡೆಯಿಂದ ಇಳಿದ ಉಪ್ಪು ಗುಡ್ಡೆಯ ಕಾಲಡಿಯಲ್ಲೇ ಏರುತ್ತಿತ್ತು. ಹೀಗೇ ಬಿಟ್ಟರೆ ಬುಡದ ಮಂಜೆಲ್ಲ ಅದರಲ್ಲಿ ನೆನೆದು, ಒಂದು ಚಳಿಗಾಲದ ದುಡಿಮೆ ಉಪ್ಪಿನ ರಾಡಿಯಾಗುತ್ತದೆ.

“ಬದು ಕಡೀಬೇಕ್ರೀ ಮೇಡಂ. ಈಗಿಂದೀಗ” ಎಂದರು ಗಣಪತಿ.

“ಕಡಿದರೆ ಮುಚ್ಚುವುದು ಹೇಗೆ? ಕೆಸರು ನಿಲ್ಲುತ್ತಾ? ಸಿಹಿನೀರೂ ಅದೇ ದಾರಿ ಹಿಡಿದು ಬಯಲಿಗೆ ಹೋದರೆ?”

“ಕಡೀದಿದ್ರ ಸಿಹಿನೀರ ಇರೂದಿಲ್ಲಲ್ರೀ!”

ನಾನು ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ನಡೆದೆ. ಎರಡೂ ಮಾತು ಸರಿ, ಅದೇ ಕಷ್ಟ. ಹಬ್ಬದ ಅಂಗಿ ತೊಟ್ಟ ನುರ್ಲಾನ್ ಬಾಗಿಲಲ್ಲಿ ನಿಂತು ನಮ್ಮ ಜಗಳ ನೋಡುತ್ತಿದ್ದ. ಕೊನೆಗೆ ಐಗುಲಳ ಮೂಲಕ ಅವನನ್ನೇ ಕೇಳಿದೆ. ಮನೆ ಅವನದು, ದುಡಿದವನೂ ಅವನು. ಕಡಿದರೆ ಏನು ಕಳೆದುಕೊಳ್ಳಬಹುದು, ಕಡಿಯದಿದ್ದರೆ ಏನು, ಎರಡನ್ನೂ ಹೇಳಿದೆ. ಯಾವುದಕ್ಕೂ ಭರವಸೆ ಕೊಡಲಾರೆ ಎಂದೂ ಹೇಳಿದೆ.

ಅವನು ಏನೋ ಕೇಳಿದ. ಐಗುಲ್ ಹೇಳಿದಳು: “ನಿಮ್ಮ ಮನೆಯಾಗಿದ್ದರೆ ಏನು ಮಾಡುತ್ತಿದ್ದಿರಿ ಅಂತ ಕೇಳುತ್ತಾನೆ.”

“ಕಡಿಯುತ್ತಿದ್ದೆ” ಎಂದೆ. ಬಾಯಿಂದ ಹೊರಬಿದ್ದ ಮೇಲೆಯೇ ನನಗೂ ಅದು ತಿಳಿದದ್ದು.

ನುರ್ಲಾನ್ ಹಬ್ಬದ ಅಂಗಿಯಲ್ಲೇ ಗುದ್ದಲಿ ತಂದು ಬದುವಿಗೆ ಹಾಕಿದ. ಗಣಪತಿ ಸಲಾಕೆ ಹಿಡಿದರು. ಬದು ಬಾಯಿ ಬಿಟ್ಟಿತು, ಕಟ್ಟಿ ನಿಂತ ನೀರು ದಬದಬನೆ ನುಗ್ಗಿ ಕಂದು ಹುಲ್ಲಿನ ಮೇಲೆ ಹರಿಯಿತು. ಮಾರನೆಯ ದಿನ ಅದು ಹರಿದು ಹೋದ ದಾರಿಯುದ್ದಕ್ಕೂ ಬಿಳಿ ಗೆರೆ ಒಣಗಿತ್ತು.

ಒಲೆಯ ಮುಂದೆ

ಈಗ ಪ್ರಶ್ನೆ ಒಂದೇ: ಬದುವಿನ ಬಾಯಿ ಮುಚ್ಚುವುದು ಯಾವಾಗ? ಬೇಗ ಮುಚ್ಚಿದರೆ ಉಪ್ಪು ಹೊಂಡಕ್ಕೆ ಹೋಗುತ್ತದೆ. ತಡ ಮಾಡಿದರೆ ಸಿಹಿನೀರು ಬಯಲು ಪಾಲು. ಮೀಟರು ಇದ್ದಿದ್ದರೆ ಒಂದು ನಿಮಿಷದ ಕೆಲಸ. ಇಲ್ಲದ್ದಕ್ಕೆ ನಾಲಿಗೆಯನ್ನೇ ನಂಬಿದೆವು, ನಾಲಿಗೆ ಬಹಳ ಬೇಗ ಕೈಕೊಟ್ಟಿತು. ಚಟ್ನಿಪುಡಿ ತಿಂದ ಗಣಪತಿಗೆ ಎಲ್ಲ ನೀರೂ ಸಪ್ಪೆ. ನನಗೆ ಎಲ್ಲವೂ ಉಪ್ಪು. ಬಾವಿಯ ನೀರಿಗೆ ಒಗ್ಗಿಹೋಗಿದ್ದ ಆಪಾ ಏನು ಕೊಟ್ಟರೂ “ಜಾಕ್ಸಿ, ಜಾಕ್ಸಿ” ಎನ್ನುತ್ತಿದ್ದರು, ಚೆನ್ನಾಗಿದೆ ಎಂದರ್ಥ. ಅದು ನೀರಿಗೆ ಹೇಳಿದ್ದೋ ನಮ್ಮ ಸಮಾಧಾನಕ್ಕೆ ಹೇಳಿದ್ದೋ ತಿಳಿಯಲಿಲ್ಲ.

ಉಪಾಯ ಹೊಳೆದದ್ದು ಹಸಿವಿನಿಂದ. ಗಣಪತಿ ತಮ್ಮ ಸಾರಿಗೆ ಬಾವಿಯ ನೀರಿನಲ್ಲಿ ತೊಗರಿಬೇಳೆ ಇಟ್ಟಿದ್ದರು. ಮಧ್ಯಾಹ್ನವಿಡೀ ಕುದಿದರೂ ಅದು ಹರಳುಕಲ್ಲಿನಂತೆಯೇ ಇತ್ತು. “ಇಲ್ಲಿ ನಮ್ಮ ಬ್ಯಾಳಿ ಬೇಯಂಗಿಲ್ಲ ಬಿಡ್ರಿ” ಎಂದು ನಕ್ಕರು. ನಗುತ್ತಿದ್ದವರು ತಟ್ಟನೆ ನಿಂತು ನನ್ನ ಮುಖ ನೋಡಿದರು. ನಾನೂ ಅವರನ್ನು ನೋಡಿದೆ.

ಗಡಸುನೀರಿನಲ್ಲಿ ಬೇಳೆ ಬೇಯುವುದಿಲ್ಲ. ಕಾಮೋಠೆಯಲ್ಲಿ ಟ್ಯಾಂಕರಿನ ನೀರು ಬಂದ ದಿನ ಅಮ್ಮ ಕುಕ್ಕರು ತೆರೆದು ಬೈಯುವುದು ಇದಕ್ಕೇ. ನೀರನ್ನು ಗಡಸು ಮಾಡುವ ಕಹಿ ಉಪ್ಪೂ ಉಳಿದ ಉಪ್ಪಿನ ಜೊತೆಗೇ ಮಂಜಿನಿಂದ ಇಳಿದುಹೋಗುತ್ತದೆ; ಬೇಳೆ ಬೆಂದರೆ ನೀರು ಸಿಹಿಯಾಯಿತೆಂದೇ ಅರ್ಥ.

ಅಂದಿನಿಂದ ಆಪಾ ಅವರ ಒಲೆ ನಮ್ಮ ಪ್ರಯೋಗಶಾಲೆಯಾಯಿತು. ಒಣ ಸಗಣಿಯ ಬೆಂಕಿ. ಗಣಪತಿ ಅದನ್ನು ಕಂಡು, “ಇವು ನಮ್ಮ ಕುಳ್ಳ ಅಲ್ಲೇನ್ರೀ!” ಎಂದು ಊರೇ ಸಿಕ್ಕಂತೆ ಖುಷಿಪಟ್ಟರು. ಬದುವಿನ ಬಾಯಿಂದ ನೀರು ಹಿಡಿದು ತರುವುದು, ಹಿಡಿ ಬೇಳೆ ಹಾಕುವುದು, ಕುದಿಸುವುದು, ಬೆರಳಿನಲ್ಲಿ ಹಿಚುಕುವುದು. ಮೊದಲ ಪಾತ್ರೆ ಕಲ್ಲು. ಮರುದಿನದ್ದು ಮೇಲೆ ಬಿರಿದರೂ ನಡುವೆ ಗಟ್ಟಿ. ಬೇಯದ ಬೇಳೆಯನ್ನೆಲ್ಲ ಆಪಾ ಕುರಿಗಳಿಗೆ ಹಾಕುತ್ತಿದ್ದರು. ಬೇಳೆಯ ಚೀಲ ಇಳಿಯುತ್ತಿತ್ತು. ಹೊರಗೆ ಗುಡ್ಡೆಯೂ ಇಳಿಯುತ್ತಿತ್ತು. ನಾನು ಒಲೆಗೂ ಬದುವಿಗೂ ನಡುವೆ ಓಡಾಡಿ ಅಂಗಳದಲ್ಲಿ ಒಂದು ಕಾಲುದಾರಿಯನ್ನೇ ಮಾಡಿದೆ. ಕೂತುಕೋ ಎಂದು ಹೇಳಲು ಇಲ್ಲಿ ಅಮ್ಮನಿರಲಿಲ್ಲ. ಆಪಾ ಮಾತ್ರ ನನ್ನ ಕೈ ಹಿಡಿದು ಬಲವಂತವಾಗಿ ಕೂರಿಸಿ, ಬಟ್ಟಲು ಚಹಾ ಕೊಟ್ಟು, ಮುಗಿಯುವವರೆಗೂ ಕೈ ಬಿಡುತ್ತಿರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ನಾನು ಬದುವಿನ ಹತ್ತಿರವಿದ್ದೆ. ಮನೆಯೊಳಗಿಂದ ಗಣಪತಿಯ ಕೂಗು ಕೇಳಿತು.

“ಮೇಡಮ್ಮಾರ! ಬೆಂತ್ರೀ! ಬೆಣ್ಣಿ ಆಗೇತಿ, ಬೆಣ್ಣಿ!”

ಸೌಟಿನಲ್ಲಿ ಹಿಡಿದು ತಂದ ಬೇಳೆಯನ್ನು ಬೆರಳಿಟ್ಟು ಒತ್ತಿದೆ. ಕರಗಿಹೋಯಿತು.

ಆಮೇಲೆ ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ನುರ್ಲಾನ್ ಮಣ್ಣು ಎಳೆದ, ನಿಲ್ಲಲಿಲ್ಲ. ನೀರು ಕೊಚ್ಚಿಕೊಂಡು ಹೋಯಿತು. ಆಗ ಆಪಾ ಒಳಗೆ ಹೋಗಿ, ನೆಲಕ್ಕೆ ಹಾಸಿದ್ದ ದಪ್ಪ ಉಣ್ಣೆಯ ಜಮಖಾನವನ್ನು ಎಳೆದು ತಂದು ಮಗನ ಕಾಲಡಿ ಎಸೆದರು. ಅದನ್ನು ಸುರುಳಿ ಸುತ್ತಿ ಬಾಯಿಗೆ ತುರುಕಿ, ಮೇಲೆ ಸಗಣಿ, ಅದರ ಮೇಲೆ ಮಣ್ಣು ಮೆತ್ತಿದೆವು. ಐಗುಲ್ ಹೊಂಡದ ಕಡೆಯ ದಾರಿ ತೆರೆದಳು. ನೀರು ಒಂದು ಕ್ಷಣ ಯೋಚಿಸುವಂತೆ ನಿಂತು, ತಿರುಗಿ, ಪ್ಲಾಸ್ಟಿಕ್ ಹಾಳೆಯ ಮೇಲೆ ಸಳಸಳನೆ ಇಳಿಯಿತು.

ನುರ್ಲಾನ್ ಬೊಗಸೆಯಲ್ಲಿ ಹಿಡಿದು ಕುಡಿದ. ಮುಖದಲ್ಲಿ ಏನೂ ಕಾಣಲಿಲ್ಲ. ಕೊಟ್ಟಿಗೆಗೆ ಹೋಗಿ, ಹುಟ್ಟಿ ಕೆಲವೇ ದಿನವಾದ ಮರಿಯಿದ್ದ ಹೆಣ್ಣು ಕುದುರೆಯನ್ನು ಹಿಡಿದು ತಂದ. ಅದು ಮೂಸಿತು, ಮೂಗು ಊದಿತು. ಆಮೇಲೆ ತಲೆ ತಗ್ಗಿಸಿ ಕುಡಿಯತೊಡಗಿತು. ಅದು ತಲೆ ಎತ್ತುವುದನ್ನೇ ಕಾಯುತ್ತ ನಾವೆಲ್ಲ ನಿಂತೆವು. ಅದಕ್ಕೆ ತಲೆಯೆತ್ತುವ ಅವಸರವೇ ಇರಲಿಲ್ಲ.

ಹಿಂದಿರುಗುವ ದಾರಿ

ಹೊಂಡ ತುಂಬಲಿಲ್ಲ. ಬೇಳೆ ಬೇಯುವುದನ್ನು ಕಾಯುವ ಹೊತ್ತಿಗೆ ಗುಡ್ಡೆಯ ದೊಡ್ಡ ಪಾಲು ಬಯಲಿಗೆ ಹೋಗಿತ್ತು. ಮನೆಗೂ ಮರಿಗಳಿಗೂ ಬೇಸಿಗೆ ದಾಟಲು ಸಾಕು, ಇಡೀ ಹಿಂಡಿಗೆ ಸಾಲದು. ಇದನ್ನು ನಾನು ಮುಚ್ಚಿಡದೆ ಹೇಳಿದೆ. ನುರ್ಲಾನ್ ತಲೆಯಾಡಿಸಿದ, ಅಷ್ಟೆ.

ನಾವು ಹೊರಟ ದಿನವೇ ಲಾರಿ ಬಂತು. ಜೀಪು ಹತ್ತುವಾಗ ಅವನು ಲಾರಿಯವನ ಜೊತೆ ಮಾತಾಡುತ್ತ ನಿಂತಿದ್ದ, ಕೈಯೆತ್ತಿ ನಮಗೆ ವಿದಾಯ ಹೇಳಿದ. ಆಪಾ ನನ್ನ ಚೀಲಕ್ಕೆ ಒಣಮೊಸರಿನ ಉಂಡೆ ತುಂಬಿದರು. ಗಣಪತಿ ಉಳಿದ ಖಾರದ ಪುಡಿಯನ್ನು ಅವರ ಕೈಗಿಟ್ಟು, “ಸ್ವಲ್ಪ ಸ್ವಲ್ಪ ಹಾಕ್ರಿ ಅವ್ವಾರ, ಭಾಳ ಐತಿ” ಎಂದು ಅಪ್ಪಟ ಬಾಗಲಕೋಟೆ ಕನ್ನಡದಲ್ಲಿ ಎಚ್ಚರಿಸಿದರು. ಆಪಾ ಎಲ್ಲ ತಿಳಿದವರಂತೆ ತಲೆದೂಗಿದರು.

ಅರ್ಧ ದಾರಿಯಲ್ಲಿ ಲಾರಿ ನಮ್ಮನ್ನು ಹಿಂದೆ ಹಾಕಿ ಹೋಯಿತು. ಇಬ್ಬರೂ ಒಟ್ಟಿಗೇ ಕಿಟಕಿಗೆ ಬಾಗಿದೆವು. ಹಲಗೆಯ ಮೇಲಿಂದ ಕುದುರೆಗಳ ಕಿವಿ ಕಂಡವು, ಗಾಳಿಗೆ ಹಾರುವ ಕುತ್ತಿಗೆಯ ಕೂದಲು ಕಂಡಿತು.

“ಮಾರೇಬಿಟ್ಟಾನಲ್ರೀ” ಎಂದರು ಗಣಪತಿ.

ಐಗುಲ್ ಸ್ಟಿಯರಿಂಗ್ ಹಿಡಿದೇ, “ಮರಿಗಳಿರುವವನ್ನು ಕೊಡಲಿಲ್ಲ. ಉಳಿದವಕ್ಕೆ ನೀರು ಸಾಲುವುದಿಲ್ಲವಲ್ಲ” ಎಂದಳು. ಮುಂದೇನು ಎಂದು ಅವಳಿಗೂ ಗೊತ್ತಿರಲಿಲ್ಲ.

ಮತ್ತೆ ಕಾಮೋಠೆ

ಹಿಡಿದು ತಂದ ನೀರಿನ ಬಾಟಲಿಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದೆವು. ಬೇಳೆ ಸುಳ್ಳು ಹೇಳಿರಲಿಲ್ಲ. ಆದರೆ ಶ್ರೀಧರ್‌ಗೆ ಬೇಕಿದ್ದ ದಿನದಿನದ ಅಂಕಿಗಳು ನಮ್ಮಲ್ಲಿರಲಿಲ್ಲ; ಕಳೆದ ಪೆಟ್ಟಿಗೆ ಕೊನೆಗೂ ಬರಲೇ ಇಲ್ಲ. “ಕಸ್ಟಮರ್‌ಗೆ ನಾನು ಏನು ತೋರಿಸ್ಲಿ ವಸಂತಿ, ಸಾರು ತೋರಿಸ್ಲಾ?” ಎಂದು ನಕ್ಕರು. ಸೆಕ್ಷನ್ ಮುಚ್ಚುತ್ತೇನೆಂದೂ ಹೇಳಲಿಲ್ಲ, ಇಡುತ್ತೇನೆಂದೂ ಹೇಳಲಿಲ್ಲ. ನಾನು ಮತ್ತೆ ಬಾಲ್ಕನಿಗೂ ಒಳಗೂ ಅಲೆಯತೊಡಗಿದೆ.

ಇಲ್ಲಿ ಮಳೆ ಹಿಡಿದ ಒಂದು ಮಧ್ಯಾಹ್ನ ಐಗುಲ್ ಒಂದು ಚಿತ್ರ ಕಳಿಸಿದಳು. ಉರಿಬಿಸಿಲು, ಒಣಬಯಲು. ಗುಡ್ಡೆಯಿದ್ದ ಜಾಗದಲ್ಲಿ ಬರೀ ಬದು. ಅಲ್ಲಿ ನುರ್ಲಾನ್ ಬನಿಯನ್ನಿನಲ್ಲಿ ಸೊಂಟದವರೆಗೆ ನೆಲದೊಳಗೆ ನಿಂತಿದ್ದ. ಪೈಪನ್ನು ಕಿತ್ತು ಬದಿಗೆಸೆದಿದ್ದ. ಅದರ ಜಾಗದಲ್ಲಿ ಅಗಲವಾದ, ಇಳಿಜಾರಾದ, ಮೇಲೆ ತೆರೆದ ಕಾಲುವೆ. ಮುಂದೆ ಇನ್ನೊಂದಕ್ಕೆ ಹಗ್ಗ ಹಿಡಿದು ಗುರುತು ಹಾಕಿತ್ತು. ಒಂದು ಮಾತೂ ಬರೆದಿರಲಿಲ್ಲ.

ಅಮ್ಮನಿಗೆ ತೋರಿಸಿದೆ. ಇಶಾ ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, “ಆಜಿ, ದೇಖೋ, ಏ ನುರ್ಲಾನ್ ಹೈ” ಎಂದಳು.

“ಅಲ್ಲ, ಅವ ಊರ್ ಬಿಟ್ಟ್ ಹೋತಾ ಅಂತ ಹೇಳ್ದವ್ಳ್ ನೀನೇ ಅಲ್ದಾ?” ಎಂದರು ಅಮ್ಮ.

“ಹಾಗಂತ ಹೇಳಿದ್ದ.”

ಅಮ್ಮ ಕನ್ನಡಕ ಸರಿಮಾಡಿಕೊಂಡು ಆ ಕಾಲುವೆಯನ್ನು ಬಹಳ ಹೊತ್ತು ನೋಡಿದರು.

“ಮನಿ ಬಿಟ್ಟ್ ಹೋಪವ ಇಷ್ಟ್ ಚಂದ ತೋಡ್ ತೆಗಿತ್ನಾ ಮಾರಾಯ್ತಿ?”